ಕೆಲಸ ಕಳಕೊಂಡ ಅಣೆಕಟ್ಟು

ಅಣೆಕಟ್ಟು ಒಡೆಯಿತು ಅಂದರೆ ನಮ್ಮ ಕಣ್ಣ ಮುಂದೆ ಬರುವುದು ನೂರಾರು ಅಡಿ ಎತ್ತರದ ಗೋಡೆ, ದೊಡ್ಡ ನದಿ. ಆದರೆ ಅಮೆರಿಕದ ಸರ್ಕಾರ ಖಾಸಗಿಯವರ ಅಣೆಕಟ್ಟುಗಳನ್ನು ಹೋಗಿ ನೋಡುವಂತೆ ಮಾಡಿದ್ದು ನಮ್ಮ ಕಡೆಯ ಕೆರೆ ಏರಿಯಂಥ ಒಂದು ಮಣ್ಣಿನ ಕಟ್ಟೆ. ಜಾರ್ಜಿಯಾ ರಾಜ್ಯದ ಟೊಕೋವಾ ಎಂಬ ಊರಿನ ಹತ್ತಿರ ಇತ್ತು. ಹೆಸರು ಕೆಲ್ಲಿ ಬಾರ್ನ್ಸ್. ಎತ್ತರ ಸುಮಾರು 38 ಅಡಿ, ಉದ್ದ 400 ಅಡಿ, ಹಿಂದೆ 40 ಎಕರೆಯಷ್ಟು ನೀರು. ಮಾಲೀಕರು ಒಂದು ಬೈಬಲ್ ಕಾಲೇಜಿನವರು.

ಇದರ ಹುಟ್ಟೇ ಒಂದು ಕಥೆ. 1899ರಲ್ಲಿ ಸಣ್ಣದೊಂದು ವಿದ್ಯುತ್ ಕೇಂದ್ರಕ್ಕಾಗಿ ಮರದ ದಿಮ್ಮಿಗಳ ಚೌಕಟ್ಟು ಮಾಡಿ, ಅದರೊಳಗೆ ಕಲ್ಲು ತುಂಬಿ ಹಳ್ಳಕ್ಕೆ ಅಡ್ಡ ಕಟ್ಟಿದ್ದರು. ಆಮೇಲೆ ಆ ಜಾಗ ಶಾಲೆಯವರ ಕೈಗೆ ಬಂತು. ಅವರಿಗೆ ಇನ್ನಷ್ಟು ಕರೆಂಟ್ ಬೇಕಾಯಿತು. 1930ರ ದಶಕದ ಕೊನೆಯಲ್ಲಿ ಹಳೆಯ ಕಟ್ಟೆಯನ್ನು ಕಿತ್ತು ಹಾಕದೆ ಅದರ ಮೇಲೆಯೇ ಮಣ್ಣು ಸುರಿದು ಏರಿ ಮಾಡಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮತ್ತೆ ಎತ್ತರಿಸಿದರು. ಹೊಟ್ಟೆಯಲ್ಲಿ ಮರ ಮತ್ತು ಕಲ್ಲು, ಅದರ ಮೇಲೆ ಮಣ್ಣು, ಅದರ ಮೇಲೆ ಇನ್ನೊಂದು ಪದರ ಮಣ್ಣು! ಹಳೆಯ ಪ್ರೋಗ್ರಾಮಿನ ಮೇಲೆ ಹೊಸದನ್ನು ಅಂಟಿಸುತ್ತಾ ಹೋಗುವ ನಮ್ಮ ಕಸುಬಿನವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ನಮ್ಮದು ಬಿದ್ದರೆ ರೀಸ್ಟಾರ್ಟ್ ಮಾಡುತ್ತೇವೆ, ಅಷ್ಟೇ ವ್ಯತ್ಯಾಸ.

ನನಗೆ ಈ ಕಥೆಯಲ್ಲಿ ಮುಖ್ಯವಾದ ವರ್ಷ ಅಂತ ಅನಿಸುವುದು 1957. ಆ ವರ್ಷ ಅಲ್ಲಿ ವಿದ್ಯುತ್ ತಯಾರಿಸುವುದನ್ನು ನಿಲ್ಲಿಸಿದರು. ಕೆರೆ ಮಾತ್ರ ಉಳಿಯಿತು, ನೋಡೋದಕ್ಕೆ, ವಿಹಾರಕ್ಕೆ. ಯಂತ್ರ ತಿರುಗುತ್ತಿರುವ ತನಕ ನೀರಿನ ಮಟ್ಟ ನೋಡುವುದಕ್ಕೆ, ತೂಬು ಎತ್ತುವುದಕ್ಕೆ ಅಂತ ಯಾರಾದರೂ ಅಣೆಕಟ್ಟಿನ ಹತ್ತಿರ ಹೋಗಲೇಬೇಕು. ಹೋದವನ ಕಣ್ಣಿಗೆ ಒಂದು ಬಿರುಕೋ, ಹೊಸದಾಗಿ ಜಿನುಗುವ ಒರತೆಯೋ ಬೀಳುತ್ತದೆ. ಕೆಲಸ ನಿಂತ ಮೇಲೆ ಆ ಕಣ್ಣುಗಳೂ ಹೋದವು. ನೀರು ಮಾತ್ರ ಮೊದಲಿನ ಹಾಗೆಯೇ ಹಗಲೂ ರಾತ್ರಿ ಏರಿಯನ್ನು ತಳ್ಳುತ್ತಲೇ ಇತ್ತು.

ಏರಿಯ ಹೊರಮೈ ತುಂಬಾ ಕಡಿದಾಗಿತ್ತು, ಸುಮಾರು ಒಂದಕ್ಕೆ ಒಂದು. ಅಂದರೆ ಒಂದು ಅಡಿ ಮುಂದೆ ಹೋದರೆ ಒಂದು ಅಡಿ ಕೆಳಗೆ. ಸಾಮಾನ್ಯವಾಗಿ ಮಣ್ಣಿನ ಏರಿಯ ಹೊರಮೈಗೆ ಎರಡಕ್ಕೆ ಒಂದು, ಇನ್ನೂ ಹೆಚ್ಚು ಇಳಿಜಾರು ಕೊಡುತ್ತಾರೆ. ಒಣಗಿದ್ದಾಗ ಕಡಿದಾದ ಮಣ್ಣೂ ನಿಲ್ಲುತ್ತದೆ, ನೆನೆದಾಗ ಜಾರುತ್ತದೆ. ಅದರ ಮೇಲೆ ಮರಗಳು ಬೇರೆ ಬೆಳೆದಿದ್ದವು. ಏರಿ ಮೇಲೆ ಮರ ಇದ್ದರೆ ಬೇರು ಮಣ್ಣನ್ನು ಹಿಡಿದುಕೊಳ್ಳುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಆ ಬೇರು ಸತ್ತು ಕೊಳೆತರೆ ಅಲ್ಲಿ ಉಳಿಯುವುದು ಒಂದು ಕೊಳವೆ. ನೀರಿಗೆ ಅಷ್ಟು ಸಾಕು. ಮೊದಲು ಜಿನುಗುತ್ತದೆ, ಆಮೇಲೆ ಒಂದೊಂದೇ ಕಣ ಮಣ್ಣು ಹೊತ್ತು ತರುತ್ತದೆ, ದಾರಿ ದೊಡ್ಡದಾಗುತ್ತಾ ಹೋಗುತ್ತದೆ. ಎಂಜಿನಿಯರುಗಳು ಇದಕ್ಕೆ ಪೈಪಿಂಗ್ ಅನ್ನುತ್ತಾರೆ. ತಿಳಿನೀರು ಜಿನುಗಿದರೆ ಗಮನವಿಡಬೇಕು, ಕೆಂಪು ನೀರು ಬಂದರೆ ಓಡಬೇಕು.

ಸೂಚನೆ ಸಿಕ್ಕಿರಲಿಲ್ಲವೇ? ಸಿಕ್ಕಿತ್ತು. 1973ರ ಒಂದು ಫೋಟೋದಲ್ಲಿ ಏರಿಯ ಹೊರಮೈ ಜರಿದು ಬಿದ್ದಿರುವುದು ಕಾಣುತ್ತದೆ. 12 ಅಡಿ ಎತ್ತರ, 30 ಅಡಿ ಅಗಲದ ಜಾರು. ಫೋಟೋ ತೆಗೆಯುವಷ್ಟು ಹತ್ತಿರ ಯಾರೋ ಹೋಗಿದ್ದರು ಅಂತಾಯಿತಲ್ಲ!

1977ರ ನವೆಂಬರ್ ಮೊದಲ ವಾರ ಅಲ್ಲಿ ಸುಮಾರು 7 ಇಂಚು ಮಳೆಯಾಯಿತು. ಅದರಲ್ಲಿ ಅರ್ಧದಷ್ಟು 5ನೇ ತಾರೀಖು ಸಂಜೆಯಿಂದ ನಡುರಾತ್ರಿಯೊಳಗೆ ಸುರಿಯಿತು. 6ರ ಬೆಳಗಿನ ಜಾವ ಸುಮಾರು 1:30ಕ್ಕೆ ಏರಿ ಒಡೆಯಿತು. ಅಣೆಕಟ್ಟಿನ ಕೆಳಗೆ 186 ಅಡಿಯ ಟೊಕೋವಾ ಜಲಪಾತ, ಜಲಪಾತದ ಕೆಳಗೆ ಕಾಲೇಜು. ನೀರು ಅಲ್ಲಿಂದ ಧುಮುಕಿ ಹಾಸ್ಟೆಲಿಗೆ, ಸಂಸಾರಸ್ಥ ವಿದ್ಯಾರ್ಥಿಗಳಿದ್ದ ಟ್ರೇಲರ್ ಮನೆಗಳಿಗೆ ನುಗ್ಗಿತು. ಎಲ್ಲರೂ ನಿದ್ದೆಯಲ್ಲಿದ್ದ ಹೊತ್ತು. ಸತ್ತವರು 39 ಜನ, ಅವರಲ್ಲಿ 20 ಮಕ್ಕಳು. 9 ಮನೆ, 18 ಟ್ರೇಲರ್, ಕಾಲೇಜಿನ 2 ಕಟ್ಟಡ ನಾಶ.

ತನಿಖೆಯವರು ಒಂದೇ ಕಾರಣವನ್ನು ಬೊಟ್ಟು ಮಾಡಲಿಲ್ಲ. ಕಡಿದಾದ ಹೊರಮೈ ಜರಿದು, ಬಹುಶಃ ಪೈಪಿಂಗ್ ಅದಕ್ಕೆ ಜೊತೆಯಾಗಿ, ಏರಿಯ ತಲೆ ಒಂದು ಕಡೆ ಕುಸಿದು, ಅಲ್ಲಿಂದ ಕೊರೆತ ಶುರುವಾಯಿತು ಎಂದು ಊಹಿಸಿದರು.

ಇನ್ನು ಕಾನೂನಿನ ಕಥೆ. 1972ರ ಫೆಬ್ರವರಿಯಲ್ಲಿ ವೆಸ್ಟ್ ವರ್ಜೀನಿಯಾದ ಬಫಲೋ ಕ್ರೀಕ್‌ನಲ್ಲಿ ಕಲ್ಲಿದ್ದಲು ಕಂಪನಿಯೊಂದರ ಕಟ್ಟೆ ಒಡೆದು 125 ಜನ ಸತ್ತಿದ್ದರು. ಅದೇ ವರ್ಷ ದೇಶದ ಅಣೆಕಟ್ಟುಗಳನ್ನು ಪರೀಕ್ಷಿಸಬೇಕು ಅಂತ ಕಾನೂನು ಬಂತು. ಎಷ್ಟು ಅಣೆಕಟ್ಟುಗಳಿವೆ ಎಂದು ಪಟ್ಟಿ ಮಾಡಿದರು, ಪರೀಕ್ಷೆಗೆ ದುಡ್ಡು ಕೊಡಲಿಲ್ಲ. ಐದು ವರ್ಷ ಹೀಗೇ ಕಳೆಯಿತು. ಟೊಕೋವಾ ಆದ ಮೇಲೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಆದೇಶ ಹೊರಡಿಸಿದರು. ಅವರು ಜಾರ್ಜಿಯಾದವರೇ. ಆ ಫೋಟೋ ತೆಗೆದ 1973ರಲ್ಲಿ ಅಲ್ಲಿನ ಗವರ್ನರ್ ಕೂಡ ಅವರೇ ಆಗಿದ್ದರು. ಸೇನೆಯ ಎಂಜಿನಿಯರುಗಳು 1981ರ ಹೊತ್ತಿಗೆ ಸುಮಾರು 8,800 ಅಪಾಯಕಾರಿ ಜಾಗದ ಅಣೆಕಟ್ಟುಗಳನ್ನು ನೋಡಿ ಬಂದರು. ಅದರಲ್ಲಿ ಹೆಚ್ಚು ಕಡಿಮೆ ಮೂರರಲ್ಲೊಂದು ಅಸುರಕ್ಷಿತ! ಜಾರ್ಜಿಯಾ 1978ರಲ್ಲಿ ತನ್ನದೇ ಅಣೆಕಟ್ಟು ಸುರಕ್ಷತಾ ಕಾನೂನು ಮಾಡಿತು. ಅಮೆರಿಕದ ಪಟ್ಟಿಯಲ್ಲಿ ಇಂದು 90,000ಕ್ಕೂ ಹೆಚ್ಚು ಅಣೆಕಟ್ಟುಗಳಿವೆ, ಅರ್ಧಕ್ಕಿಂತ ಹೆಚ್ಚು ಖಾಸಗಿಯವರದ್ದು. 2006ರಲ್ಲಿ ಹವಾಯಿಯ ಕಲೋಕೋ ಎಂಬ ಖಾಸಗಿ ಮಣ್ಣಿನ ಅಣೆಕಟ್ಟು ಒಡೆದು ಮತ್ತೆ 7 ಜನ ಸತ್ತರು.

ಅಂದಹಾಗೆ, ನಮ್ಮಲ್ಲೂ 2021ರಲ್ಲಿ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂದಿದೆ. 15 ಮೀಟರಿಗಿಂತ ಎತ್ತರದವೆಲ್ಲ ಅದರೊಳಗೆ ಬರುತ್ತವೆ. 10ರಿಂದ 15 ಮೀಟರಿನವು ಬರಬೇಕಾದರೆ ಉದ್ದ 500 ಮೀಟರ್, ಇಲ್ಲವೇ ನೀರು 10 ಲಕ್ಷ ಘನ ಮೀಟರ್, ಇಲ್ಲವೇ ಗರಿಷ್ಠ ಪ್ರವಾಹ ಸೆಕೆಂಡಿಗೆ 2,000 ಘನ ಮೀಟರ್ ಇರಬೇಕು. ಅದೂ ಇಲ್ಲದಿದ್ದರೆ ತಳಪಾಯದ ತೊಂದರೆಯೋ ವಿಚಿತ್ರ ವಿನ್ಯಾಸವೋ ಇರಬೇಕು. ಸುಮ್ಮನೆ ಲೆಕ್ಕ ಹಾಕಿ ನೋಡಿದೆ. ಕೆಲ್ಲಿ ಬಾರ್ನ್ಸ್ ಎತ್ತರ ಸುಮಾರು 11.6 ಮೀಟರ್, ಉದ್ದ 122 ಮೀಟರ್, ಒಡೆದಾಗ ಇದ್ದ ನೀರು ಸುಮಾರು 7.8 ಲಕ್ಷ ಘನ ಮೀಟರ್. ಒಡೆದು ನುಗ್ಗಿದ ನೀರೇ ಸೆಕೆಂಡಿಗೆ 680 ಘನ ಮೀಟರಿನ ಹತ್ತಿರ. ಅಳತೆಯ ಮೂರು ಷರತ್ತುಗಳಲ್ಲಿ ಒಂದಕ್ಕೂ ಸಿಗುವುದಿಲ್ಲ. ವಿಚಿತ್ರ ವಿನ್ಯಾಸ ಅಂತ ಸೇರಿಸಬಹುದೇನೋ, ಏರಿಯ ಹೊಟ್ಟೆಯಲ್ಲಿ 1899ರ ಮರದ ಕಟ್ಟೆ ಇದೆ ಅಂತ ಯಾರಿಗಾದರೂ ಗೊತ್ತಿದ್ದರೆ.