ಆಂಟಿಕ್, ತುಹ್ಫಾ, ಲೂಟಿ

ಅಜ್ಜಿಯ ಹಿತ್ತಾಳೆ ಪಾನ್‌ದಾನ್ ಗುಜರಿಯಲ್ಲಿ ಹಳೆ ಸಾಮಾನು. ನಗರದ ಶೋರೂಮಿನಲ್ಲಿ 'ಆಂಟಿಕ್'. ಲ್ಯಾಟಿನ್ ಮೂಲದಲ್ಲಿ ಇದಕ್ಕೆ ಪ್ರಾಚೀನ ಎಂದಷ್ಟೇ ಅರ್ಥ. ನಮ್ಮ 1972ರ ಕಾಯ್ದೆಯ ಪ್ರಕಾರ ಪುರಾವಸ್ತುವಿಗೆ 100 ವರ್ಷ, ಹಸ್ತಪ್ರತಿಗೆ 75 ವರ್ಷ ತುಂಬಿರಬೇಕು. ಅರಬಿಯ 'ತುಹ್ಫಾ' ವಯಸ್ಸು ಕೇಳುವುದಿಲ್ಲ. ಉಡುಗೊರೆಯೂ ಅದೇ, ಅಪರೂಪದ ವಸ್ತುವೂ ಅದೇ. ವಸ್ತುಸಂಗ್ರಹಾಲಯಕ್ಕೆ ಅರಬರು ಹೇಳುವ 'ಮತ್‌ಹಫ್' ಇದೇ ಧಾತುವಿನದು. ನಮ್ಮ ಮನೆಗಳ ಉರ್ದುವಿನಲ್ಲಿ ತೋಹ್ಫಾ ಎಂದರೆ ಉಡುಗೊರೆಯೇ.

ಆದರೆ ಯಾರ ವಸ್ತುವನ್ನು ಯಾರು ಯಾರಿಗೆ ಕೊಟ್ಟ ಉಡುಗೊರೆ? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಶಯನಗೃಹದಲ್ಲಿ ಸಿಕ್ಕ ಖಡ್ಗವನ್ನು ಬ್ರಿಟಿಷ್ ಸೇನೆ ತನ್ನ ಜನರಲ್ ಬೇರ್ಡ್‌ಗೆ ಗೌರವಪೂರ್ವಕ ಅರ್ಪಿಸಿತು. (ಲೂಟಿ ಎಂಬ ಪದವನ್ನೂ ಇಂಗ್ಲಿಷರು ಒಯ್ದದ್ದು ಇಲ್ಲಿಂದಲೇ!) 2023ರಲ್ಲಿ ಲಂಡನ್ನಿನಲ್ಲಿ ಆ ಖಡ್ಗ ಸುಮಾರು 1.4 ಕೋಟಿ ಪೌಂಡಿಗೆ ಹರಾಜಾಯಿತು.