ತಂತಿ ತುಂಡಾದ ದಿನ

1917ರ ಅಕ್ಟೋಬರ್ 24ರ ನಸುಕಿನ ಎರಡು ಗಂಟೆಗೆ ಐಸೊಂಜೊ ನದಿಯ ಕಣಿವೆಯಲ್ಲಿದ್ದ ಇಟಲಿಯ ಸೇನೆಯ ಮೇಲೆ ಜರ್ಮನ್ ಮತ್ತು ಆಸ್ಟ್ರಿಯಾ-ಹಂಗೇರಿ ಫಿರಂಗಿಗಳು ಗುಂಡಿನ ಮಳೆ ಸುರಿಸಿದವು. ಕಪೊರೆಟ್ಟೊ ಸೋಲು ಶುರುವಾದದ್ದು ಹೀಗೆ. ಆ ಊರು ಈಗ ಸ್ಲೊವೇನಿಯಾದಲ್ಲಿದೆ. ಸೈನಿಕರು ಹೇಡಿಗಳಂತೆ ಓಡಿದರು ಎಂಬ ಮಾತು ಆಗಲೇ ಹುಟ್ಟಿತು. ಆದರೆ ಅವರು ಹಿಂದೆ ಸರಿಯುವ ಮೊದಲೇ ಟೆಲಿಫೋನ್ ತಂತಿಗಳು ತುಂಡಾಗಿದ್ದವು.

ಆಗ ಇಟಲಿಯ ಸೇನೆಯಲ್ಲಿ ಸಂಪರ್ಕಕ್ಕೆಂದು ಪ್ರತ್ಯೇಕ ದಳ ಇರಲಿಲ್ಲ. ಅದು ಎಂಜಿನಿಯರ್ ದಳದ ಕೆಲಸ. ಫ್ಲಾರೆನ್ಸಿನಲ್ಲಿ ನೆಲೆಯಿದ್ದ 3ನೇ ಎಂಜಿನಿಯರ್ ರೆಜಿಮೆಂಟು ಟೆಲಿಗ್ರಾಫಿನವರದು. ಬೆಟ್ಟ ಹತ್ತಿ ತಂತಿ ಎಳೆಯುವುದು, ಗುಂಡು ಬಿದ್ದು ಕಡಿದಲ್ಲಿಗೆ ಹೋಗಿ ಮತ್ತೆ ಜೋಡಿಸುವುದು ಯುದ್ಧಭೂಮಿಯಲ್ಲಿ ತಂತಿಯವರ ದಿನಚರಿ. ಅಂದು ದೀಪದ ಸಂಕೇತ ಕಳಿಸೋಣವೆಂದರೆ ಮಂಜು, ಮಳೆ. ಉಳಿದದ್ದು ಚೀಟಿ ಹಿಡಿದು ಓಡುವ ಸೈನಿಕ.

27ನೇ ಕೋರಿನ ಸೇನಾನಿ ಪಿಯೆತ್ರೊ ಬಡೋಲಿಯೊಗೆ ತನ್ನದೇ ಫಿರಂಗಿ ಪಡೆಯ ಸಂಪರ್ಕ ತಪ್ಪಿತು. ಆದೇಶಕ್ಕೆ ಕಾದ ಫಿರಂಗಿಗಳು ಬೇಕಾದ ಹೊತ್ತಿಗೆ ಸಿಡಿಯಲಿಲ್ಲ. ಶತ್ರು ಪಡೆ ಕಣಿವೆಯ ರಸ್ತೆ ಹಿಡಿದು ನಡೆದು ಸಂಜೆಯೊಳಗೆ ಕಪೊರೆಟ್ಟೊ ಸೇರಿತು. ಶಿಖರಗಳ ಮೇಲಿದ್ದ ಸೈನಿಕರು ತಾವು ಸುತ್ತುವರಿಯಲ್ಪಟ್ಟದ್ದನ್ನು ತಿಳಿಯುವಷ್ಟರಲ್ಲಿ ತಡವಾಗಿತ್ತು. ಮುಂದಿನ ವಾರಗಳಲ್ಲಿ 2,50,000ಕ್ಕೂ ಹೆಚ್ಚು ಮಂದಿ ಸೆರೆಯಾದರು.

ಅಕ್ಟೋಬರ್ 28ರ ಪ್ರಕಟಣೆಯಲ್ಲಿ ಮಹಾದಂಡನಾಯಕ ಲೂಯಿಜಿ ಕಡೋರ್ನಾ ತಪ್ಪನ್ನೆಲ್ಲ 2ನೇ ಸೇನೆಯ ತುಕಡಿಗಳ ಹೇಡಿತನದ ಮೇಲೆ ಹೊರಿಸಿದ. ನವೆಂಬರಿನಲ್ಲಿ ಅವನ ಹುದ್ದೆ ಹೋಗಿ ಅರ್ಮಾಂಡೊ ಡಿಯಾಜ್ ಬಂದ. ಬಡೋಲಿಯೊ ಮಾತ್ರ ಡಿಯಾಜನ ಉಪಮುಖ್ಯಸ್ಥನಾಗಿ ಮೇಲೇರಿದ.

ಸೋಲಿಗೆ ತಂತಿಯೊಂದೇ ಕಾರಣವಲ್ಲ, ನಿಜ. ವಿಷಾನಿಲವಿತ್ತು, ಶತ್ರುವಿನ ಹೊಸ ತಂತ್ರವಿತ್ತು, ಅದೇ ನದಿಯ ದಡದಲ್ಲಿ ಹನ್ನೊಂದು ಕಾಳಗ ನಡೆಸಿದ ದಣಿವಿತ್ತು. ಆದರೆ ಪ್ರಾಜೆಕ್ಟ್ ಕುಸಿದ ಮೇಲೆ ನಡೆಯುವ ಸಭೆಗಳಲ್ಲಿ ಕೂತವರಿಗೆ ಕಡೋರ್ನಾನ ಪ್ರಕಟಣೆ ಅಪರಿಚಿತವೆನಿಸದು. ಯಾರು ಓಡಿದರು ಎಂದು ಕೇಳುವುದು ಸುಲಭ. ಅವರಿಗೆ ಸುದ್ದಿ ಯಾಕೆ ತಲುಪಲಿಲ್ಲ ಎಂದು ಕೇಳಿದರೆ ಉತ್ತರ ಹುಡುಕಿಕೊಂಡು ಮೇಲಿನವರ ಬಾಗಿಲಿಗೇ ಹೋಗಬೇಕಾಗುತ್ತದೆ.

1918ರ ಜೂನ್ 15ರಂದು ಪಿಯಾವೆ ನದಿಯ ದಡದಲ್ಲಿ ಆಸ್ಟ್ರಿಯಾ ಮತ್ತೆ ದಾಳಿ ಮಾಡಿತು. ಈ ಸಲ ದಾಳಿಯ ಗಳಿಗೆ ಇಟಲಿಗೆ ಮೊದಲೇ ಗೊತ್ತಿತ್ತು. ಅದರ ಫಿರಂಗಿಗಳೇ ಮೊದಲು ಸಿಡಿದವು. ಶತ್ರು ಪಾಳೆಯದಿಂದ ತಪ್ಪಿಸಿಕೊಂಡು ಬಂದವರು ಸುದ್ದಿ ತಂದಿದ್ದರು. ಕದ್ದು ಕೇಳಿದ ಸಂದೇಶಗಳೂ ನೆರವಾದವು. ಅಷ್ಟರಲ್ಲಿ ಎಂಜಿನಿಯರ್ ದಳದ ಅಧಿಕಾರಿ ಲೂಯಿಜಿ ಸಾಕ್ಕೊ ಗೂಢಲಿಪಿ ಬಿಡಿಸುವ ತಂಡವನ್ನೇ ಕಟ್ಟಿದ್ದ. ಹೇಡಿಗಳೆನಿಸಿಕೊಂಡ ಅದೇ ಸೇನೆ ಅಲ್ಲಿ ಕದಲದೆ ನಿಂತಿತು.

ತಂತಿಯವರ ದಳ ಇಟಲಿಯ ಸೇನೆಯಲ್ಲಿ ಸ್ವತಂತ್ರ ಅಂಗವಾದದ್ದು ಮಾತ್ರ ಬಹಳ ತಡವಾಗಿ, 1953ರಲ್ಲಿ.