ಹಿರಣ್ಯಕೇಶಿ ದಂಡೆಯ ತಟ್ಟೆ: ಮಕ್ಕಳ ನೆನಪು ಮತ್ತು ಆಹಾರದ ಚರಿತ್ರೆ

ಮಕ್ಕಳ ನೆನಪಿನ ಶಕ್ತಿ ಅಂದ ಕೂಡಲೇ ನಮಗೆಲ್ಲ ಹೊಳೆಯೋದು ಪರೀಕ್ಷೆಯ ತಿಂಗಳು, ನೆನೆಸಿಟ್ಟ ಬಾದಾಮಿ, ಬ್ರಾಹ್ಮಿ ಟಾನಿಕ್ಕು. ನನ್ನ ವಿಷಯ ಆ ಬಾಟಲಿ ಅಲ್ಲ. ನೋಡಬೇಕಾದದ್ದು ಯಾರ ತಟ್ಟೆ, ಯಾವ ಹೊತ್ತಿನದು ಎಂಬ ಪ್ರಶ್ನೆಗೆ ಉತ್ತರ ಹೇಗೆ ಬದಲಾಗುತ್ತ ಬಂತು ಅನ್ನೋದು. ಅದಕ್ಕೆ ಆಜರಾವನ್ನು ಆರಿಸಿಕೊಂಡಿದ್ದೇನೆ.

ಆಂಬೋಲಿಯ ಹತ್ತಿರ ಹುಟ್ಟುವ ಹಿರಣ್ಯಕೇಶಿ ಆಜರಾ ದಾಟಿ, ಗಡಹಿಂಗ್ಲಜ ದಾಟಿ, ಕರ್ನಾಟಕದ ಸಂಕೇಶ್ವರಕ್ಕೆ ಬರುತ್ತದೆ. ಆಜರಾ ಘಟ್ಟದ ಮಳೆಯ ಸೀಮೆ, ಅಲ್ಲಿಯ ಘನಸಾಳ ಅಕ್ಕಿಗೆ ಹೆಸರಿದೆ. ಪೂರ್ವಕ್ಕೆ ಬಂದಂತೆ ಮಳೆ ಇಳಿಯುತ್ತದೆ, ಅನ್ನದ ಜಾಗಕ್ಕೆ ಜೋಳದ ರೊಟ್ಟಿ ಬರುತ್ತದೆ. ಅಂದರೆ ಇಲ್ಲಿ ತಟ್ಟೆಯನ್ನು ಬದಲಿಸಿದ್ದು ಮಳೆ, ಭಾಷೆ ಅಲ್ಲ.

ಇದನ್ನು ಯಾಕೆ ಒತ್ತಿ ಹೇಳ್ತೀನಿ ಅಂದರೆ, 1920ರ ದಶಕದಲ್ಲಿ ಕೂನೂರಿನ ಪ್ರಯೋಗಾಲಯದಲ್ಲಿ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಇದಕ್ಕೆ ಉಲ್ಟಾ ಮಾಡಿದರು. ಸಿಖ್, ಪಠಾಣ, ಮರಾಠಾ, ಗೂರ್ಖಾ, ಕನ್ನಡಿಗ, ಬಂಗಾಳಿ, ಮದ್ರಾಸಿ ಎಂದು ಏಳು ಜನರ ಊಟವನ್ನು ಇಲಿಗಳಿಗೆ ತಿನ್ನಿಸಿ ತೂಕ ನೋಡಿದರು. ಗೋಧಿ ರೊಟ್ಟಿ, ಹಾಲು, ಬೆಣ್ಣೆಯ ಸಿಖ್ ಊಟ ಮೊದಲು, ಪಾಲಿಶ್ ಅಕ್ಕಿಯ ಮದ್ರಾಸಿ ಊಟ ಕೊನೆಗೆ. ಮರಾಠಾ ಊಟ ಮೂರನೆಯದು, ಕನ್ನಡಿಗರದು ಐದನೆಯದು. ಪಾಲಿಶ್ ಮಾಡಿದರೆ ಬಿ1 ಹೋಗುತ್ತದೆ ಅನ್ನೋದು ದೊಡ್ಡ ಪಾಠವೇ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಅನ್ನ ಉಣ್ಣುವ ಆಜರೆಯ ಮಗು ಈ ಪಟ್ಟಿಯಲ್ಲಿ ಯಾವ ಸಾಲಿಗೆ ಸೇರಬೇಕು, ಹೇಳಿ? ಮತ್ತೆ ಅಲ್ಲಿ ಅಳೆದದ್ದು ಮೈಯನ್ನು, ನೆನಪನ್ನಲ್ಲ.

ಕೊಲ್ಹಾಪುರ ಸಂಸ್ಥಾನದಲ್ಲಿ ಶಾಹೂ ಮಹಾರಾಜರು 1917ರಲ್ಲೇ ಕಡ್ಡಾಯ, ಉಚಿತ ಪ್ರಾಥಮಿಕ ಶಿಕ್ಷಣದ ಕಾನೂನು ತಂದಿದ್ದರು. ಮಗು ಪಾಠ ಒಪ್ಪಿಸಬೇಕು ಅನ್ನೋ ನಿರೀಕ್ಷೆ ಮೊದಲು ಬಂತು, ಅದಕ್ಕೆ ಬೇಕಾದ ಊಟದ ವಿಚಾರ ಎಷ್ಟೋ ತಡವಾಗಿ.

ದಾರಿ ತಿರುಗಿಸಿದ್ದು ಲೂಸಿ ವಿಲ್ಸ್. ಮುಂಬಯಿಯ ಗರ್ಭಿಣಿಯರ ರಕ್ತಹೀನತೆ ಯೀಸ್ಟಿನ ಸಾರವಾದ ಮಾರ್ಮೈಟ್‌ನಿಂದ ವಾಸಿಯಾಗುತ್ತದೆ ಎಂದು ಆಕೆ 1931ರಲ್ಲಿ ಬರೆದರು. ಆ ಅಂಶವೇ ಮುಂದೆ ಫೋಲೇಟ್ ಅಂತ ಗುರುತಾಯಿತು. ಕಣ್ಣು ಮಗುವಿನ ತಟ್ಟೆಯಿಂದ ತಾಯಿಯ ತಟ್ಟೆಗೆ ಹೊರಳಿದ್ದು ಹೀಗೆ.

ನೆನಪಿನ ಪ್ರಶ್ನೆ ಬಂದದ್ದು ತೀರಾ ಈಚೆಗೆ. ಪುಣೆ ಹತ್ತಿರದ ಹಳ್ಳಿಗಳ ತಾಯಂದಿರ ಅಧ್ಯಯನ 2008ರಲ್ಲಿ ಹೇಳಿದ್ದಿಷ್ಟು: ಗರ್ಭಿಣಿಯಾಗಿದ್ದಾಗ ಬಿ12 ತುಂಬ ಕಡಿಮೆ ಇದ್ದ ತಾಯಂದಿರ ಮಕ್ಕಳು, ಒಂಬತ್ತನೇ ವಯಸ್ಸಿನಲ್ಲಿ, ಅಂಕಿಗಳನ್ನು ಹಿಂದುಮುಂದಾಗಿ ಒಪ್ಪಿಸುವ ಪರೀಕ್ಷೆಯಲ್ಲಿ ಹಿಂದೆ ಬಿದ್ದರು. 2010ರಲ್ಲಿ ಮೈಸೂರಿನ 536 ಮಕ್ಕಳ ಅಧ್ಯಯನ ಬಂತು. ಅಲ್ಲಿ ತಾಯಿಯ ಬಿ12ಗೆ ಸಂಬಂಧ ಕಾಣಲಿಲ್ಲ, ಫೋಲೇಟಿಗೆ ಕಂಡಿತು. ಎರಡೂ ಹೋಲಿಕೆಯ ಅಧ್ಯಯನಗಳು, ಕಾರಣ ಸಾಬೀತು ಮಾಡಿದವಲ್ಲ. ಟಾನಿಕ್ ಮಾರುವವರು ಬಿಟ್ಟುಬಿಡೋದು ಇದೇ ಮಾತನ್ನು! ಆದರೂ ಎರಡೂ ಬೆರಳು ಮಾಡೋದು ಹುಟ್ಟಿಗೂ ಮುಂಚಿನ ತಿಂಗಳುಗಳ ಕಡೆಗೆ. ಫೋಲೇಟ್ ಸೊಪ್ಪು, ಬೇಳೆಗಳಲ್ಲಿದೆ. ಬಿ12 ಅಕ್ಕಿಯಲ್ಲೂ ಇಲ್ಲ, ಜೋಳದಲ್ಲೂ ಇಲ್ಲ. ಹಾಲು, ಮೊಟ್ಟೆ, ಮೀನು, ಮಾಂಸದಿಂದಲೇ ಬರಬೇಕು.

ಹಾಗಾದರೆ ಶಾಲೆಯ ಬಿಸಿಯೂಟ? ಸುಪ್ರೀಂ ಕೋರ್ಟಿನ 2001ರ ಆದೇಶದಿಂದ ಎರಡೂ ರಾಜ್ಯಗಳಲ್ಲಿ ಅದು ಬೇರೂರಿತು, ಹಸಿದ ಮಗು ಪಾಠ ಕೇಳಲಾರದು ಅನ್ನೋದಕ್ಕೆ ಅದೇ ಉತ್ತರ. ಆದರೆ ಅದು ಸಿಗೋದು ಶಾಲೆಗೆ ಸೇರಿದ ಮೇಲೆ. ಅದಕ್ಕೂ ಮುಂಚಿನ ಕಾಲ ಅಂಗನವಾಡಿಯದು. ಕರ್ನಾಟಕ 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ತಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಬಿಸಿಯೂಟದ ಜೊತೆ ಹಾಲು, ಮೊಟ್ಟೆ ಇತ್ತು. ಮಹಾರಾಷ್ಟ್ರದ ಅಮೃತ ಆಹಾರ ಯೋಜನೆ ಅಂಥದ್ದೇ, ಆದರೆ ಅದನ್ನು ಬುಡಕಟ್ಟು ಪ್ರದೇಶಗಳಿಗಷ್ಟೇ ತಂದರು. ಆಜರಾ ಅದರೊಳಗೆ ಬರಲ್ಲ. ಮ್ಯಾಕ್‌ಕ್ಯಾರಿಸನ್ ಭಾಷೆಯ ಹೆಸರಲ್ಲಿ ಎಳೆದ ಗೆರೆ ಈ ನದಿಯ ಮೇಲೆ ಅವತ್ತು ಇರಲಿಲ್ಲ. ಈಗ, ಗರ್ಭಿಣಿಯ ತಟ್ಟೆಯ ಮಟ್ಟಿಗೆ, ರಾಜ್ಯದ ಗಡಿ ಅಂಥದೊಂದು ಗೆರೆ ಎಳೆದಿದೆ.